ವೋಚರ್ ಕೈಯಲ್ಲಿದೆ, ಮನೆ ಸಿಗುತ್ತಿಲ್ಲ

ಈ ಸಲ ಒಂದೇ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಬರೆದವರ ತಂಗಿಗೆ ಉಳಿದಿರುವುದು ಕೆಲವೇ ವಾರ. ಸಂಚಿಕೆ ಅಚ್ಚಾಗುವವರೆಗೆ ಕಾಯುವುದು ಬೇಡವೆಂದು ಅವರಿಗೆ ಫೋನಿನಲ್ಲಿ ಆಗಲೇ ಎಲ್ಲ ಹೇಳಿಯಾಗಿದೆ. ಇದೇ ಅವಸ್ಥೆಯಲ್ಲಿ ನಮ್ಮೂರಿನ ಬೇರೆ ಮನೆಯವರೂ ಇರಬಹುದು ಎಂದು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ಪ್ರಶ್ನೆ: ನನ್ನ ತಂಗಿ ಅಮೆರಿಕದ ಜರ್ಸಿ ಸಿಟಿಯಲ್ಲಿದ್ದಾಳೆ. ಗ್ರೀನ್ ಕಾರ್ಡ್ ಉಂಟು. ಗಂಡ ತೀರಿಹೋಗಿ ಏಳು ವರ್ಷ ಆಯಿತು. ಮಗನಿಗೆ 14, ಮಗಳಿಗೆ 9. ದಿನಸಿ ಅಂಗಡಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಆರು ವರ್ಷ ಕಾದ ಮೇಲೆ ಈಗ ಸರಕಾರದ ಬಾಡಿಗೆ ವೋಚರ್ ಬಂದಿದೆ. 60 ದಿನದೊಳಗೆ ಮನೆ ಹುಡುಕಬೇಕಂತೆ, 17 ದಿನ ಹೋಯಿತು. ನಾಲ್ಕು ಕಡೆ ಕೇಳಿದಳು. ವೋಚರ್ ಎಂದ ಕೂಡಲೇ ಮನೆ ಇಲ್ಲ ಎನ್ನುತ್ತಾರಂತೆ. ನಮ್ಮ ದೊಡ್ಡಣ್ಣನದ್ದು ಎಡಿಸನ್‌ನಲ್ಲಿ ಸ್ವಂತ ಮನೆ, ಮೇಲಿನ ಮಹಡಿ ಖಾಲಿ. ಅದನ್ನೇ ವೋಚರಿನಲ್ಲಿ ಬಾಡಿಗೆಗೆ ತೆಗೆದುಕೊಳ್ಳಬಹುದೇ? ಅದಾಗದಿದ್ದರೆ ಸ್ವಲ್ಪ ಹೆಚ್ಚು ಬಾಡಿಗೆಯ ಮನೆ ಹಿಡಿದು, ಮೇಲಿನ ಹಣವನ್ನು ನಾನು ಇಲ್ಲಿಂದ ಮನೆ ಯಜಮಾನರಿಗೆ ಕಳಿಸಿದರೆ ಆದೀತೇ? ವೋಚರಿನ ವಿಷಯ ಯಾರಿಗೂ ಹೇಳಬೇಡ ಎಂದಿದ್ದಾಳೆ. ಆದ್ದರಿಂದ ಹೆಸರು ಹಾಕಬೇಡಿ.
ಬಿಜೈ, ಮಂಗಳೂರು

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಮನೆ ಸಿಗದಿರುವುದಕ್ಕೆ ಅರ್ಧ ಕಾರಣ ಅಲ್ಲೇ ಇದೆ.

ಈಗ ಉಡುಪಿಯ ಅಂಬಲಪಾಡಿಯಲ್ಲಿರುವ ನಾನು 19 ವರ್ಷ ಜರ್ಸಿ ಸಿಟಿಯಲ್ಲಿದ್ದವಳು. ಅದರಲ್ಲಿ 11 ವರ್ಷ ಬಾಡಿಗೆದಾರರಿಗೆ ನೆರವಾಗುವ ಒಂದು ಸಣ್ಣ ಕಚೇರಿಯ ಕೌಂಟರಿನಲ್ಲಿ ಕೂತು ಅರ್ಜಿ ತುಂಬಿಸಿಕೊಡುತ್ತಿದ್ದೆ. ಒಂದು ಸಂಜೆ ಬಾಗಿಲು ಹಾಕುವ ಹೊತ್ತಿಗೆ ಕಾರ್ಕಳ ಕಡೆಯ ಒಬ್ಬ ಹೆಂಗಸು ಬಂದರು. ಕೈಯಲ್ಲಿ ಹೌಸಿಂಗ್ ಅಥಾರಿಟಿಯ, ಅಂದರೆ ವೋಚರ್ ಕೊಡುವ ಸರಕಾರಿ ಕಚೇರಿಯ ಲಕೋಟೆ. ಅದರ ಮಡಿಕೆಯಲ್ಲಿ ಅಕ್ಕಿಯ ಬಿಳಿ ಹುಡಿ ಕೂತಿತ್ತು. ನಾದಿನಿಯ ಕಣ್ಣಿಗೆ ಬೀಳಬಾರದು ಎಂದು ಅದನ್ನು ಸೋನಾ ಮಸೂರಿ ಚೀಲದೊಳಗೆ ಅಡಗಿಸಿಟ್ಟಿದ್ದರಂತೆ. ತೆರೆದು ನೋಡಿದರೆ ವೋಚರಿನ 60 ದಿನಗಳಲ್ಲಿ 52 ಮುಗಿದಿತ್ತು. "ದಾದ ಮಲ್ಪುನಿ ಅಕ್ಕಾ" (ಏನು ಮಾಡುವುದು ಅಕ್ಕಾ) ಎಂದು ನಿಂತಲ್ಲೇ ಅತ್ತರು. ಆವತ್ತೇ ರಾತ್ರಿ ಕೂತು ಅವಧಿ ವಿಸ್ತರಣೆಗೆ ಅರ್ಜಿ ಬರೆದೆವು. 30 ದಿನ ಸಿಕ್ಕಿತು, ಮನೆಯೂ ಸಿಕ್ಕಿತು. ಆದರೆ ನಾಚಿಕೆಗೆಂದು ಹೋದ ಆ 52 ದಿನ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ನಿಮ್ಮ ತಂಗಿ ಯಾರ ಹತ್ತಿರವೂ ಕೈಯೊಡ್ಡಿದ್ದಲ್ಲ. ಆರು ವರ್ಷ ಸರತಿಯಲ್ಲಿ ಕಾದಿದ್ದಾರೆ. 1974ರ ವಸತಿ ಕಾನೂನಿನಲ್ಲಿ ಬಂದ ಯೋಜನೆ ಇದು, ಅಲ್ಲಿನವರು ಇವತ್ತಿಗೂ ಸೆಕ್ಷನ್ 8 ಎಂದೇ ಕರೆಯುತ್ತಾರೆ. ಆ ದೇಶದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಇದರಲ್ಲೇ ಮನೆ ಮಾಡಿಕೊಂಡಿವೆ. ಅಂಗಡಿಯ ಜೊತೆಗಾರರಿಗೆ, ದೇವಸ್ಥಾನಕ್ಕೆ ಬರುವವರಿಗೆ, ಮಕ್ಕಳ ಶಾಲೆಯಲ್ಲಿ ಸಿಗುವ ತಾಯಂದಿರಿಗೆ, ಎಲ್ಲರಿಗೂ "ವೋಚರ್ ಉಂಟು, ಎರಡು ಬೆಡ್‌ರೂಮಿನ ಮನೆ ಇದ್ದರೆ ಹೇಳಿ" ಎನ್ನಲಿ. ನನ್ನ ಕೌಂಟರಿಗೆ ಬಂದವರಲ್ಲಿ ಹೆಚ್ಚಿನವರಿಗೆ ಮನೆ ಸಿಕ್ಕಿದ್ದು ಬಾಯಿ ಮಾತಿನಿಂದ. ಯಾರಿಗೂ ಹೇಳದೆ ಫೋನಿನಲ್ಲಿ ಜಾಹೀರಾತು ನೋಡುತ್ತಾ ಕೂತವರೇ ಕೊನೆಯ ವಾರ ಓಡಿ ಬರುತ್ತಿದ್ದರು.

ಈಗ ಲೆಕ್ಕ. ಮನೆ ನೋಡಲು ಹೋಗುವ ಮೊದಲು ಈ ಲೆಕ್ಕ ಕೈಯಲ್ಲಿರಲೇಬೇಕು. ಇಲ್ಲದಿದ್ದರೆ ಮನೆ ಮನಸ್ಸಿಗೆ ಬಂದ ಮೇಲೆ ಕಚೇರಿಯವರು ಆಗದು ಎನ್ನುತ್ತಾರೆ, ಅಷ್ಟರಲ್ಲಿ ಹತ್ತು ದಿನ ಹೋಗಿರುತ್ತದೆ.

ವೋಚರ್ ಎಂದರೆ ಇಡೀ ಬಾಡಿಗೆಯನ್ನು ಸರಕಾರ ಕೊಡುವುದಲ್ಲ. ಮಕ್ಕಳಿಗೆ, ಶಿಶುಪಾಲನೆಗೆ ಎಂದು ಕೆಲವು ಕಡಿತ ಮಾಡಿ ಉಳಿದ ತಿಂಗಳ ಆದಾಯದಲ್ಲಿ ಸುಮಾರು ನೂರಕ್ಕೆ 30ರಷ್ಟು ತಂಗಿಯ ಪಾಲು. ಉಳಿದದ್ದನ್ನು ಹೌಸಿಂಗ್ ಅಥಾರಿಟಿ ನೇರ ಮನೆ ಯಜಮಾನರಿಗೆ ಕಟ್ಟುತ್ತದೆ. ಅದಕ್ಕೊಂದು ಮಿತಿ ಇದೆ, ಪೇಮೆಂಟ್ ಸ್ಟ್ಯಾಂಡರ್ಡ್ ಎನ್ನುತ್ತಾರೆ. ಇಷ್ಟು ಬೆಡ್‌ರೂಮಿಗೆ ಇಷ್ಟು ಎಂದು ಪ್ರತಿ ಕಚೇರಿಯೂ ತನ್ನ ಪಟ್ಟಿ ಇಟ್ಟುಕೊಂಡಿರುತ್ತದೆ.

ಅರ್ಥವಾಗಲಿ ಎಂದು ಬಿಡಿ ಸಂಖ್ಯೆ ಹಿಡಿಯೋಣ. ಕಡಿತ ಕಳೆದು ತಂಗಿಯ ಆದಾಯ ತಿಂಗಳಿಗೆ 1,500 ಡಾಲರ್, ಎರಡು ಬೆಡ್‌ರೂಮಿಗೆ ಕಚೇರಿಯ ಮಿತಿ 1,800 ಡಾಲರ್ ಎಂದಿಟ್ಟುಕೊಳ್ಳಿ. ತಂಗಿಯ ಪಾಲು 450, ಕಚೇರಿಯದ್ದು 1,350. ಮನೆಯ ಬಾಡಿಗೆ 1,950 ಇದ್ದರೆ ಮೇಲಿನ 150 ತಂಗಿಯ ತಲೆಗೆ ಬರುತ್ತದೆ, ಒಟ್ಟು 600 ಆಗುತ್ತದೆ. ಅದು ಅವರ ಆದಾಯದ ನೂರಕ್ಕೆ 40. ಬಾಡಿಗೆ ಮಿತಿಗಿಂತ ಹೆಚ್ಚಿರುವ ಮನೆಗೆ ಹೊಸದಾಗಿ ಹೋಗುವಾಗ ಆ ಗೆರೆ ದಾಟುವಂತಿಲ್ಲ. 2,000 ಡಾಲರಿನ ಮನೆ ಎಷ್ಟೇ ಚಂದ ಇರಲಿ, ಕಚೇರಿ ಒಪ್ಪುವುದಿಲ್ಲ.

ಇನ್ನೊಂದು ಕಣ್ತಪ್ಪುವ ಜಾಗ ಉಂಟು. ಈ ಲೆಕ್ಕದಲ್ಲಿ ಬಾಡಿಗೆ ಎಂದರೆ ಬರೀ ಬಾಡಿಗೆಯಲ್ಲ, ಕರೆಂಟು, ಗ್ಯಾಸು, ಬಿಸಿನೀರು, ಚಳಿಗಾಲದ ಹೀಟಿಂಗ್ ಸೇರಿ. ಇವನ್ನು ಬಾಡಿಗೆದಾರರೇ ಕಟ್ಟಬೇಕಾದ ಮನೆಯಾದರೆ ಕಚೇರಿ ಅದಕ್ಕೊಂದು ಮೊತ್ತ ಹಿಡಿಯುತ್ತದೆ. ಆ ಮೊತ್ತ 120 ಡಾಲರ್ ಎಂದಾದರೆ, 1,800ರ ಮಿತಿಗೆ ಸರಿಯಾಗಿ ಕೂರುವುದು 1,680 ಡಾಲರ್ ಬಾಡಿಗೆಯ ಮನೆ. ಆದ್ದರಿಂದ ಪೇಮೆಂಟ್ ಸ್ಟ್ಯಾಂಡರ್ಡ್ ಪಟ್ಟಿ, ಯುಟಿಲಿಟಿ ಪಟ್ಟಿ, ಈ ಎರಡು ಹಾಳೆಗಳನ್ನು ನಾಳೆಯೇ ಕಚೇರಿಯಿಂದ ಕೇಳಿ ತೆಗೆದುಕೊಳ್ಳಲು ಹೇಳಿ. ಜಾಹೀರಾತು ನೋಡುವಾಗ ಅವು ಪಕ್ಕದಲ್ಲಿರಲಿ.

ದೊಡ್ಡಣ್ಣನ ಮನೆಯ ವಿಷಯ. ನಮ್ಮಲ್ಲಾದರೆ ಇದು ಪ್ರಶ್ನೆಯೇ ಅಲ್ಲ. ಅಣ್ಣನ ಮಹಡಿ ಖಾಲಿ, ತಂಗಿಗೆ ಮನೆ ಇಲ್ಲ ಎಂದರೆ ಊರೇ ಅಣ್ಣನನ್ನು ಕೇಳುತ್ತದೆ. ಆದರೆ ವೋಚರಿಗೆ ಅದು ಆಗದು. ಅಪ್ಪ ಅಮ್ಮ, ಮಕ್ಕಳು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಅಣ್ಣ ತಮ್ಮ, ಅಕ್ಕ ತಂಗಿ, ಇವರ ಮನೆಯನ್ನು ವೋಚರಿನಲ್ಲಿ ಬಾಡಿಗೆಗೆ ಹಿಡಿಯಬಾರದು ಎಂದು ನಿಯಮದಲ್ಲೇ ಇದೆ. ಮನೆಯಲ್ಲಿ ಅಂಗವೈಕಲ್ಯ ಇರುವವರಿದ್ದು, ಅವರಿಗೆ ಆ ಮನೆಯೇ ಅನುಕೂಲ ಎಂದು ಕಚೇರಿ ಒಪ್ಪಿದರೆ ಮಾತ್ರ ವಿನಾಯಿತಿ. ಸಂಬಂಧ ಮುಚ್ಚಿಟ್ಟು ಕಾಗದ ಮಾಡುವ ಯೋಚನೆ ಯಾರಾದರೂ ಹೇಳಿಕೊಟ್ಟರೆ ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ಅದು ವಂಚನೆ ಎಂದಾಗುತ್ತದೆ. ಆರು ವರ್ಷ ಕಾದು ಪಡೆದ ವೋಚರೂ ಹೋಗುತ್ತದೆ, ಕೊಟ್ಟ ಹಣವನ್ನು ವಾಪಸು ಕೇಳುತ್ತಾರೆ.

ಅಣ್ಣ ಬೇರೆ ರೀತಿಯಲ್ಲಿ ಬೇಕಾದಷ್ಟು ಮಾಡಬಹುದು. ಶನಿವಾರ ಕಾರು ತೆಗೆದುಕೊಂಡು ಬಂದು ಐದಾರು ಮನೆ ತೋರಿಸಲಿ. ಮಕ್ಕಳನ್ನು ಆ ದಿನ ತನ್ನ ಮನೆಯಲ್ಲಿ ಇಟ್ಟುಕೊಳ್ಳಲಿ. ಎಡಿಸನ್ ಕಡೆಯೇ ಬೇರೆಯವರ ಮನೆ ಸಿಕ್ಕಿದರೆ ವೋಚರನ್ನು ಅಲ್ಲಿಗೆ ಕೊಂಡೊಯ್ಯುವ ದಾರಿಯೂ ಇದೆ, ಪೋರ್ಟಬಿಲಿಟಿ ಎನ್ನುತ್ತಾರೆ. ಅರ್ಜಿ ಹಾಕುವಾಗ ತಂಗಿ ಆ ಕಚೇರಿಯ ವ್ಯಾಪ್ತಿಯಲ್ಲೇ ವಾಸವಿದ್ದರೆ ಈಗಲೇ ಕೇಳಬಹುದು. ಇಲ್ಲದಿದ್ದರೆ ಮೊದಲ ಒಂದು ವರ್ಷ ಆ ವ್ಯಾಪ್ತಿಯೊಳಗೇ ಇರಲು ಹೇಳಬಹುದು. ಕಚೇರಿ ಬದಲಾದರೆ ಮಿತಿಯ ಪಟ್ಟಿಯೂ ಬದಲಾಗುತ್ತದೆ, ಲೆಕ್ಕ ಹೊಸದಾಗಿ ಹಾಕಬೇಕು.

ನೀವು ಯಜಮಾನರಿಗೆ ನೇರ ಹಣ ಕಳಿಸುವುದು ಬೇಡವೇ ಬೇಡ. ಕಚೇರಿ ಒಪ್ಪಿದ ಬಾಡಿಗೆಯ ಮೇಲೆ ಒಂದು ಡಾಲರ್ ಕೂಡ ಯಜಮಾನರು ಕೈಯಿಂದ ಕೈಗೆ ತೆಗೆದುಕೊಳ್ಳುವಂತಿಲ್ಲ, ಅದು ಯಾರ ಜೇಬಿನಿಂದಲೇ ಬರಲಿ. ತಂಗಿಗೆ ಕಳಿಸಬಹುದು, ತಪ್ಪಿಲ್ಲ. ಆದರೆ ತಿಂಗಳು ತಿಂಗಳು ಕಳಿಸುವುದಾದರೆ ಅದು ಅವರ ಆದಾಯದಲ್ಲಿ ಸೇರುತ್ತದೆ, ಕಚೇರಿಗೆ ತಿಳಿಸಬೇಕು. 200 ಡಾಲರ್ ಕಳಿಸಿದರೆ ಅವರ ಬಾಡಿಗೆ ಪಾಲು 60 ಡಾಲರಿನಷ್ಟು ಏರುತ್ತದೆ. ಮುಚ್ಚಿಡದೆ ಮಾಡಿದರೆ ಅದರಲ್ಲೂ 140 ಉಳಿಯಿತಲ್ಲ.

ನಿಮ್ಮ ಹಣ ನಿಜವಾಗಿ ಬೇಕಾಗುವುದು ಡಿಪಾಸಿಟ್‌ಗೆ. ವೋಚರಿನಲ್ಲಿ ಡಿಪಾಸಿಟ್ ಬರುವುದಿಲ್ಲ. ನ್ಯೂಜೆರ್ಸಿಯಲ್ಲಿ ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳಬಾರದೆಂದು ಕಾನೂನು ಇದೆ. 1,680ರ ಮನೆಗೆ 2,520 ಡಾಲರ್. ಪ್ಯಾಕಿಂಗ್ ಕೆಲಸ ಮಾಡುವವರ ಕೈಯಲ್ಲಿ ಅಷ್ಟು ಒಮ್ಮೆಗೇ ಇರುವುದಿಲ್ಲ. ಮನೆ ಸಿಕ್ಕಿ, ಡಿಪಾಸಿಟ್ ಹೊಂದಿಸಲಾಗದೆ ಬಿಟ್ಟುಕೊಟ್ಟವರನ್ನು ನಾನು ನೋಡಿದ್ದೇನೆ. ಅಣ್ಣಂದಿರಿಬ್ಬರೂ ಸೇರಿ ಒಂದು ಸಲ ಅದನ್ನು ಹೊಂದಿಸಿಕೊಡಿ. ಹೀಗೆ ಒಂದೇ ಸಲ ಕೊಡುವುದು ತಿಂಗಳ ಆದಾಯವಾಗುವುದಿಲ್ಲ. ಆದರೂ ಕಚೇರಿಗೆ ಒಂದು ಮಾತು ತಿಳಿಸಿಯೇ ಕೊಡಲಿ. ಹಣ ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಲಿ. ನಾವು ಹೊಸದಾಗಿ ಹೋದಾಗ ನೆಲಮಾಳಿಗೆಯ ಮನೆಯೊಂದಕ್ಕೆ ರಸೀದಿ ಇಲ್ಲದೆ 900 ಡಾಲರ್ ಕೊಟ್ಟಿದ್ದೆವು. ಬಿಡುವಾಗ ಯಜಮಾನರು "ಯಾವ ಹಣ?" ಎಂದರು. ನನ್ನ ಗಂಡ ಮತ್ತೊಂದು ಮಾತಾಡದೆ ಮೆಟ್ಟಿಲು ಹತ್ತಿ ಬಂದರು. ಅವರ ಆ ಮುಖ ನನಗೆ ನೆನಪಿದೆ.

ವೋಚರ್ ಎಂದ ಕೂಡಲೇ ಇಲ್ಲ ಎನ್ನುವವರ ಬಗ್ಗೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಈ ರಕ್ಷಣೆ ಇಲ್ಲ, ನ್ಯೂಜೆರ್ಸಿಯಲ್ಲಿ ಇದೆ. ಸರಕಾರದ ನೆರವಿನಿಂದ ಬಾಡಿಗೆ ಕಟ್ಟುತ್ತೀರಿ ಎಂಬ ಒಂದೇ ಕಾರಣಕ್ಕೆ ಮನೆ ನಿರಾಕರಿಸುವುದು ಅಲ್ಲಿ ಕಾನೂನಿಗೆ ವಿರುದ್ಧ. ಯಜಮಾನರೇ ಒಂದರಲ್ಲಿ ವಾಸವಿದ್ದು ಇನ್ನೊಂದನ್ನು ಬಾಡಿಗೆಗೆ ಕೊಡುವ ಎರಡು ಮನೆಯ ಕಟ್ಟಡಕ್ಕೆ ಇದು ಅನ್ವಯಿಸುವುದಿಲ್ಲ, ಆದ್ದರಿಂದ ಅಂಥ ಕಡೆ ವಾದ ಮಾಡಿ ದಿನ ಕಳೆಯುವುದು ಬೇಡ. ದೊಡ್ಡ ಕಟ್ಟಡಗಳಲ್ಲಿ "ಬಾಡಿಗೆಯ ಮೂರು ಪಟ್ಟು ಸಂಬಳ ಇರಬೇಕು" ಎಂದು ಇನ್ನೊಂದು ಬಾಗಿಲು ಹಾಕುತ್ತಾರೆ. ಆ ಲೆಕ್ಕವನ್ನು ತಂಗಿ ಕಟ್ಟುವ 450ರ ಮೇಲೆ ಹಾಕಬೇಕೇ ಹೊರತು ಇಡೀ ಬಾಡಿಗೆಯ ಮೇಲಲ್ಲ.

ನಾನು ಎಲ್ಲರಿಗೂ ಹೇಳಿಕೊಡುತ್ತಿದ್ದದ್ದು ಹೀಗೆ. ಒಂದು ನೋಟ್‌ಬುಕ್ ಇಡಿ. ಯಾವ ವಿಳಾಸ, ಯಾವತ್ತು, ಎಷ್ಟು ಗಂಟೆಗೆ, ಮಾತಾಡಿದವರ ಹೆಸರೇನು, ಅವರು ಹೇಳಿದ ಮಾತು ಏನು, ಅದೇ ಶಬ್ದದಲ್ಲಿ ಬರೆದಿಡಿ. ಆದಷ್ಟು ಮೆಸೇಜಿನಲ್ಲೇ ಕೇಳಿ, ಆಗ ಉತ್ತರವೂ ಬರಹದಲ್ಲಿ ಉಳಿಯುತ್ತದೆ. ಮಾತು ಶುರು ಮಾಡುವಾಗ "ನನ್ನ ಬಾಡಿಗೆಯ ದೊಡ್ಡ ಪಾಲು ತಿಂಗಳು ತಿಂಗಳು ಹೌಸಿಂಗ್ ಅಥಾರಿಟಿಯಿಂದ ನೇರ ನಿಮಗೆ ಬರುತ್ತದೆ" ಎಂದೇ ಹೇಳಿ. ಹಣ ನಿಲ್ಲುವ ಭಯ ಇದ್ದ ಯಜಮಾನರಿಗೆ ಅದೊಂದು ಮಾತು ಸಾಕಾಗುತ್ತದೆ. ಅದಕ್ಕೂ ಇಲ್ಲವೆಂದರೆ ಆ ರಾಜ್ಯದ ನಾಗರಿಕ ಹಕ್ಕುಗಳ ವಿಭಾಗಕ್ಕೆ 180 ದಿನದೊಳಗೆ ದೂರು ಕೊಡಬಹುದು. ದೂರು ಆಮೇಲೂ ಕೊಡಲು ಬರುತ್ತದೆ, ವೋಚರಿನ ದಿನಗಳು ಮಾತ್ರ ಕಾಯುವುದಿಲ್ಲ. ಆದ್ದರಿಂದ ಮುಂದಿನ ಮನೆಗೆ ಹೋಗಿ.

ಮನೆ ಒಪ್ಪಿಗೆಯಾದರೆ ಕೂಡಲೇ ಅಗ್ರಿಮೆಂಟಿಗೆ ಸಹಿ ಹಾಕಬಾರದು. ವೋಚರಿನ ಜೊತೆ ಒಂದು ಫಾರಂ ಕೊಟ್ಟಿರುತ್ತಾರೆ, ಈ ಮನೆಗೆ ಒಪ್ಪಿಗೆ ಕೊಡಿ ಎಂದು ಯಜಮಾನರೂ ಬಾಡಿಗೆದಾರರೂ ಸೇರಿ ಕಚೇರಿಗೆ ಕೇಳುವ ಫಾರಂ. ಅದನ್ನು ಮೊದಲು ಒಪ್ಪಿಸಬೇಕು. ಒಪ್ಪಿಸಿದ ದಿನದಿಂದ ಕಚೇರಿ ಉತ್ತರ ಕೊಡುವವರೆಗೆ ವೋಚರಿನ ದಿನಗಳ ಎಣಿಕೆ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಫಾರಂ ಕೈಯಲ್ಲಿಟ್ಟುಕೊಂಡೇ ಒದ್ದಾಡುತ್ತಾರೆ. ಅಕ್ಕಪಕ್ಕದ ಅದೇ ತರಹದ ಮನೆಗಳ ಬಾಡಿಗೆಯನ್ನು ಕಚೇರಿ ಹೋಲಿಸಿ ನೋಡುತ್ತದೆ, ಆಮೇಲೆ ಮನೆ ತಪಾಸಣೆಗೆ ಇನ್‌ಸ್ಪೆಕ್ಟರ್ ಬರುತ್ತಾರೆ.

ತಪಾಸಣೆಯಲ್ಲಿ ಮನೆಗಳು ಬೀಳುವುದು ದೊಡ್ಡ ದೋಷಕ್ಕಲ್ಲ. ಒಂದು ಕುಟುಂಬಕ್ಕೆ ಒಲೆಯ ಹಿಂದಿನ ಬಲಬದಿಯ ಬರ್ನರ್ ಹತ್ತಲಿಲ್ಲ ಎಂದು ಮನೆ ನಿಂತುಹೋಯಿತು. 12 ಡಾಲರಿನ ಬಿಡಿಭಾಗ ಹಾಕಿಸಿ, ಮತ್ತೆ ತಪಾಸಣೆಗೆ ದಿನ ಸಿಗುವಾಗ 11 ದಿನ ಕಳೆಯಿತು. ಅದಕ್ಕೇ ಮನೆ ನೋಡಲು ಹೋದಾಗಲೇ ನಾಲ್ಕೂ ಬರ್ನರ್ ಹಚ್ಚಿ ನೋಡಿ. ಬಿಸಿನೀರಿನ ನಲ್ಲಿ ತಿರುಗಿಸಿ ಕೈ ಹಿಡಿಯಿರಿ. ಕಿಟಕಿ ತೆರೆದು ಹಾಕಿ, ಚಿಲಕ ಬೀಳುತ್ತದೋ ನೋಡಿ. ಹೊಗೆಯ ಅಲಾರಂ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಎರಡರ ಗುಂಡಿಯನ್ನೂ ಒತ್ತಿ, ಕೂಗಬೇಕು. ಏನಾದರೂ ಇಲ್ಲದಿದ್ದರೆ ಇನ್‌ಸ್ಪೆಕ್ಟರ್ ಬರುವ ಮೊದಲೇ ಸರಿ ಮಾಡಿಸಿಕೊಡಿ ಎಂದು ಯಜಮಾನರಿಗೆ ಹೇಳಬಹುದು. ಮಗ 14ರವನಲ್ಲವೇ, ಅವನ ಕೈಗೆ ಪಟ್ಟಿ ಕೊಟ್ಟರೆ ಅಮ್ಮನಿಗಿಂತ ಚೆನ್ನಾಗಿ ನೋಡುತ್ತಾನೆ.

60 ದಿನ ಮುಗಿಯಲು ಎರಡು ವಾರ ಇರುವಾಗಲೇ ಅವಧಿ ವಿಸ್ತರಣೆಗೆ ಬರಹದಲ್ಲಿ ಕೇಳಲಿ, ನೋಟ್‌ಬುಕ್ಕಿನ ಪ್ರತಿ ಲಗತ್ತಿಸಲಿ. ಕೊಡುವುದು ಬಿಡುವುದು ಕಚೇರಿಯ ನಿಯಮಕ್ಕೆ ಬಿಟ್ಟದ್ದು. ಆದರೆ ಇಷ್ಟು ಕಡೆ ಹುಡುಕಿದ್ದೇನೆ ಎಂದು ತೋರಿಸಿದವರ ಅರ್ಜಿಗೂ ಬರೀ ಎರಡು ಸಾಲಿನ ಅರ್ಜಿಗೂ ವ್ಯತ್ಯಾಸ ಉಂಟು.

ಪ್ರಶ್ನೆ: ಮಗ ಎಚ್-1ಬಿ ವೀಸಾದಲ್ಲಿ ಅಮೆರಿಕದಲ್ಲಿದ್ದಾನೆ. ಕೆಲಸ ಹೋಗುವ ಹಾಗಿದೆ, ಬಾಡಿಗೆ ಭಾರ. 150 ಡಾಲರ್ ಕೊಟ್ಟರೆ ಇಂಥ ವೋಚರಿನ ಪಟ್ಟಿಗೆ ಹೆಸರು ಸೇರಿಸುತ್ತೇವೆ ಎಂದು ಒಬ್ಬರು ಹೇಳಿದ್ದಾರೆ. ಕೊಡಬಹುದೇ?
ಮಣಿಪಾಲದ ಒಬ್ಬ ತಂದೆ

ಉತ್ತರ: ಕೊಡಬೇಡಿ. ಹೌಸಿಂಗ್ ಅಥಾರಿಟಿಯ ಪಟ್ಟಿಗೆ ಅರ್ಜಿ ಹಾಕಲು ಶುಲ್ಕ ಇಲ್ಲ. ಹಣ ಕೇಳಿದರು ಎಂದರೆ ಅದು ಮೋಸ. ಅಲ್ಲದೆ ಎಚ್-1ಬಿಯವರಿಗೆ ಈ ನೆರವು ಸಿಗುವುದಿಲ್ಲ. ಅಲ್ಲಿನ ಪೌರರು, ಗ್ರೀನ್ ಕಾರ್ಡ್ ಇರುವವರು, ನಿರಾಶ್ರಿತರು ಮೊದಲಾದ ಕೆಲವು ವರ್ಗದವರಿಗೆ ಮಾತ್ರ. ಮಗ ಸದ್ಯ ಒಂದು ಕೋಣೆ ಹಂಚಿಕೊಂಡು ಇರುವ ಏರ್ಪಾಡು ಮಾಡಿಕೊಳ್ಳಲಿ.

ಪ್ರಶ್ನೆ: ಮಗಳಿಗೆ ಮಂಗಳೂರಿನಲ್ಲಿ ಬಿ.ಕಾಂ. ಸೀಟು ಸಿಕ್ಕಿತು, ಸರಕಾರಿ ಹಾಸ್ಟೆಲ್ ಸಿಗಲಿಲ್ಲ. ಪಿ.ಜಿ.ಗೆ ತಿಂಗಳಿಗೆ 6,000. ನಾವಿರುವುದೂ ಬಾಡಿಗೆ ಮನೆಯಲ್ಲೇ. ಎರಡು ತಿಂಗಳ ಹಿಂದೆ ಮನೆ ಬದಲಾಯಿಸಿದ ಮೇಲೆ ಕರೆಂಟ್ ಬಿಲ್ಲೂ ಪೂರ್ತಿ ಬರುತ್ತಿದೆ. ಅಮೆರಿಕದ ಹಾಗೆ ನಮ್ಮಲ್ಲಿ ಬಾಡಿಗೆಗೆ ಸರಕಾರ ಏನೂ ಕೊಡುವುದಿಲ್ಲವೇ ಅಕ್ಕ?
ಬೈಂದೂರಿನ ಓದುಗಿ

ಉತ್ತರ: ಕುಟುಂಬದ ಕೈಗೆ ಬಾಡಿಗೆ ವೋಚರ್ ಕೊಡುವ ಯೋಜನೆ ನಮ್ಮಲ್ಲಿ ಇಲ್ಲ ತಂಗೀ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ 2.0ರಲ್ಲಿ ಕಡಿಮೆ ಬಾಡಿಗೆಯ ಮನೆ ಎಂಬ ಭಾಗ ಉಂಟು. ಆದರೆ ಅಲ್ಲಿ ಹಣ ಹೋಗುವುದು ಕಟ್ಟಡ ಕಟ್ಟುವುದಕ್ಕೆ, ಬಾಡಿಗೆ ಕಟ್ಟುವವರಿಗಲ್ಲ.

ನಿಮ್ಮ ಮಗಳಿಗೆ ಮಾತ್ರ ಒಂದು ದಾರಿ ಉಂಟು. ಹಿಂದುಳಿದ ವರ್ಗಕ್ಕೆ ಸೇರಿದವರಾದರೆ ವಿದ್ಯಾಸಿರಿಗೆ ಅರ್ಜಿ ಹಾಕಿಸಿ. ಹಾಸ್ಟೆಲ್ ಸಿಗದೆ ಹೊರಗೆ ಉಳಿದು ಓದುವ ಮಕ್ಕಳ ಊಟ ವಸತಿಗೆಂದೇ ಮಾಡಿದ ಯೋಜನೆ ಅದು. ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ ನಿಗದಿ ಮಾಡಿದ್ದರು. ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ, ಹಣ ಮಗಳ ಬ್ಯಾಂಕ್ ಖಾತೆಗೇ ಬರುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಎಂದು ಬ್ಯಾಂಕಿನಲ್ಲಿ ಮೊದಲು ಕೇಳಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ಕೊನೆಯ ದಿನಾಂಕವನ್ನು ಕಾಲೇಜಿನ ಆಫೀಸಿನಲ್ಲೇ ವಿಚಾರಿಸಿ.

ಕರೆಂಟ್ ಬಿಲ್ಲಿನ ಕಾರಣ ನನಗೆ ತೋರುವುದು ಇಷ್ಟು. ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಆದರೆ ನಿಮ್ಮ ಆಧಾರ್ ಇನ್ನೂ ಹಳೆ ಮನೆಯ ಆರ್‌ಆರ್ ನಂಬರಿಗೇ ಅಂಟಿಕೊಂಡಿರಬೇಕು. ಸೇವಾಸಿಂಧುವಿನಲ್ಲಿ ಮೊದಲು ಅದನ್ನು ಡಿ-ಲಿಂಕ್ ಮಾಡಿಸಿ, ಆಮೇಲೆ ಹೊಸ ಮನೆಯ ನಂಬರಿಗೆ ನೋಂದಾಯಿಸಬೇಕು. ಹೊಸ ಮನೆಯ ಮೆಸ್ಕಾಂ ಬಿಲ್, ಆಧಾರ್, ಬಾಡಿಗೆ ಕರಾರು ಪತ್ರ ಹಿಡಿದುಕೊಂಡು ಹೋಗಿ. ಈ ತಿಂಗಳ ಮೀಟರ್ ಓದಲು ಬರುವ ಮೊದಲೇ ಹೋದರೆ ಒಳ್ಳೆಯದು.